ಗಾಳ ಕಿತ್ತ ಮರದ ಮೀನು

ನಾನೊಂದು ಮರದ ಮೀನು. ಗೇಣುದ್ದ ಇದ್ದೇನೆ. ಬೆನ್ನು ನೀಲಿ, ಹೊಟ್ಟೆ ಬಿಳಿ, ಕಣ್ಣಿರಬೇಕಾದಲ್ಲಿ ಎರಡು ಹಿತ್ತಾಳೆ ಮೊಳೆ. ನನ್ನ ಕಥೆ ಕೇಳುವವರು ಒಂದು ವಿಷಯ ಮೊದಲೇ ತಿಳಿದುಕೊಂಡರೆ ಒಳ್ಳೆಯದು: ನಾನು ಒಳ್ಳೆಯ ಸ್ವಭಾವದವನಲ್ಲ. ನನಗೆ ಹೊಟ್ಟೆಕಿಚ್ಚು ಜಾಸ್ತಿ. ಮರದ ತುಂಡಿಗೆ ಎಂಥ ಹೊಟ್ಟೆಕಿಚ್ಚು ಎನ್ನಬೇಡಿ. ನನ್ನ ಪಾಡು ಕೇಳಿದ ಮೇಲೆ ನೀವೇ ಹೇಳಿ.

ಹುಟ್ಟಿದ್ದು ಭಟ್ಕಳದ ಹತ್ತಿರದ ಅಳ್ವೆಕೋಡಿಯಲ್ಲಿ, ದುರ್ಗಯ್ಯ ಆಚಾರಿ ದೋಣಿ ಕಟ್ಟುವ ಚಪ್ಪರದಡಿ. ಬಲೆಯ ಬೆಂಡಿಗೆಂದು ತಂದ ಹಗುರ ಮರದಲ್ಲಿ ಒಂದು ತುಂಡು ಉಳಿದಿತ್ತು. ಅಣ್ಣಪ್ಪ ಮೊಗೇರ ಎಂಬ ದೋಣಿಯವನು ಬಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ.

"ಆಚಾರ್ರೆ, ಹಿಂಗಿದ್ದೊಂದ್ ಮಾಡಿ ಕೊಡಿ. ಎಳ್ದ್ರೆ ನೀರ್ ಉಗುಳ್ಕಂಡ್ ಬರ್ಕ್."

ಆಚಾರಿ ಕನ್ನಡಕ ಹಣೆಗೇರಿಸಿ ನೋಡಿ, "ಮೀನಿಗೆ ಮೋಸ ಮಾಡೂಕೆ ಮೀನೇ ಆಯ್ಕಾ?" ಎಂದು ನಕ್ಕ. ಆದರೆ ಕೆಲಸಕ್ಕೆ ಕೂತ ಮೇಲೆ ನಗಲಿಲ್ಲ. ಎರಡು ದಿನ ಕೆತ್ತಿದ. ಬಾಯನ್ನು ಬಟ್ಟಲಿನ ಹಾಗೆ ತೋಡಿದ, ನೀರಿನಲ್ಲಿ ಎಳೆದರೆ ಬುಳಕ್ ಬುಳಕ್ ಎಂದು ಉಗುಳಬೇಕಲ್ಲ. ದೋಣಿಗೆ ಬಳಿದು ಉಳಿದ ಬಣ್ಣ ಬಳಿದ. ಕೊನೆಗೆ ಹೊಟ್ಟೆಯಡಿ ಒಂದು, ಬಾಲದಲ್ಲಿ ಒಂದು, ಮೂರು ಮುಳ್ಳಿನ ಎರಡು ಗಾಳ ತೂಗುಬಿಟ್ಟ. ಆಗ ನನಗೆ ಬಂದ ಜಂಬ ಅಷ್ಟಿಷ್ಟಲ್ಲ. ಸಮುದ್ರದ ಮೀನೆಲ್ಲ ನನ್ನದೇ ಎಂದುಕೊಂಡೆ.

ಆ ಜಂಬ ಮೂರೇ ದಿನ. ನಾಲ್ಕನೆಯ ದಿನ ಬೆಳಿಗ್ಗೆ ನಾಣಯ್ಯ ಬಂದರು.

ನಾಣಯ್ಯ ಕೊಡಗಿನವರು. ಕಾಫಿ ತೋಟವನ್ನು ಮಗಳಿಗೆ ವಹಿಸಿಕೊಟ್ಟು, ವರ್ಷಕ್ಕೊಮ್ಮೆ ಹತ್ತು ದಿನ ಸಮುದ್ರಕ್ಕೆ ಬರುವ ಹುಚ್ಚು ಹಚ್ಚಿಕೊಂಡಿದ್ದರು. ಅವರು ಹಿಡಿಯುತ್ತಿದ್ದುದು ಒಂದೇ ಮೀನು. ಬಂಗಾರದ ಮೈ, ಹಸಿರು ಬೆನ್ನು, ಅದರ ಮೇಲೆ ನೀಲಿ ಚುಕ್ಕೆ. ಗಂಡಿಗೆ ಗೋಡೆಯಂತೆ ನೆಟ್ಟಗೆ ನಿಂತ ಹಣೆ. ಆ ಮೀನಿಗೆ ಒಂದೊಂದು ಬಂದರಿನಲ್ಲಿ ಒಂದೊಂದು ಹೆಸರು. ನಾಣಯ್ಯ ಡೊರಾಡೊ ಎನ್ನುತ್ತಿದ್ದರು, ನಮ್ಮ ದೋಣಿಯಲ್ಲಿ ಅದೇ ಹೆಸರು ನಿಂತಿತು. ಅದನ್ನು ಹಿಡಿಯುವುದಾದರೂ ಹೇಗೆ? ಬಲೆಯಿಂದಲ್ಲ, ಸಿಗಡಿ ಚುಚ್ಚಿದ ಗಾಳದಿಂದಲ್ಲ. ಫ್ಲೈಯಿಂದ.

ಫ್ಲೈ ಎಂದರೆ ಒಂದು ಗಾಳಕ್ಕೆ ಕೋಳಿಗರಿ, ಮೇಕೆಯ ಕೂದಲು, ಮಿಂಚುವ ಎಳೆ ಸುತ್ತಿ ಕಟ್ಟಿದ ಗೊಂಬೆ. ತೂಕ ಒಣ ಎಲೆಯಷ್ಟೂ ಇಲ್ಲ. ಕೈಯಿಂದ ಎಸೆದರೆ ಕಾಲಬುಡಕ್ಕೇ ಬೀಳುತ್ತದೆ. ಅದಕ್ಕೆ ಉದ್ದನೆಯ ಬಳುಕುವ ಕೋಲು ಬೇಕು, ದಪ್ಪ ನೂಲು ಬೇಕು. ಆ ನೂಲನ್ನು ಗಾಳಿಯಲ್ಲಿ ಹಿಂದಕ್ಕೆ ಮುಂದಕ್ಕೆ ಬೀಸಿ, ಅದರ ಬೆನ್ನ ಮೇಲೆ ಗರಿಯಮ್ಮನನ್ನು, ಆ ಗೊಂಬೆಗೆ ನಾನಿಟ್ಟ ಹೆಸರು ಅದು, ಕೂರಿಸಿ ಕಳಿಸಬೇಕು. ಪಲ್ಲಕ್ಕಿಯಲ್ಲಿ ಹೋಗುವವಳು ಎಷ್ಟು ದೂರ ಹೋದಾಳು? ಆದ್ದರಿಂದ ಮೀನೇ ದೋಣಿಯ ಹತ್ತಿರ ಬರಬೇಕು. ಕರೆದುಕೊಂಡು ಬರಲು ಒಬ್ಬ ಆಳು ಬೇಕು.

ನಾಣಯ್ಯ ನನ್ನನ್ನು ಕೈಯಲ್ಲಿ ತಿರುಗಿಸಿ ನೋಡಿ, "ಕೆಲಸ ಚೆನ್ನಾಗಿದೆ. ಈ ಗಾಳ ಎರಡೂ ತೆಗೆದುಬಿಡಿ" ಎಂದರು.

"ತೆಗ್ದ್ರೆ ಮೀನ್ ಕಚ್ಚುದ್ ಹ್ಯಾಂಗೆ ಸರ್?" ಎಂದು ಕೇಳಿದವನು ಮಾಸ್ತಿ, ಅಣ್ಣಪ್ಪನ ತಮ್ಮ.

"ಕಚ್ಚಬಾರದು. ಅದಕ್ಕೇ."

ಇಕ್ಕಳ ಹಿಡಿದು ನನ್ನ ಗಾಳ ಕಿತ್ತವನೂ ಮಾಸ್ತಿಯೇ. ಕೆಮ್ಮಿನ ಮಾತ್ರೆಯ ಹಳೆಯ ಡಬ್ಬಿಯಲ್ಲಿ ಹಾಕಿ ದೋಣಿಯ ಹಲಗೆ ಕೆಳಗೆ ಇಟ್ಟ. ನಾನು ಅಂದಿನಿಂದ ಹಲ್ಲಿಲ್ಲದ ನಾಯಿಯಾದೆ.

ಕೆಲಸ ಹೇಗಿತ್ತು ಎಂದು ಹೇಳುತ್ತೇನೆ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಹೊಳೆಗಳಿಂದ ಕೊಚ್ಚಿ ಬಂದ ದಿಮ್ಮಿ, ತೆಂಗಿನ ಬೊಡ್ಡೆ, ಕಸದ ರಾಶಿ ಸಮುದ್ರದ ಮೇಲೆ ತೇಲುತ್ತಿರುತ್ತವೆ. ಆ ನೆರಳಿನಡಿ ಸಣ್ಣ ಮೀನು, ಸಣ್ಣ ಮೀನಿಗಾಗಿ ಡೊರಾಡೊ. ಅಣ್ಣಪ್ಪ ಇಂಜಿನ್ ನಿಲ್ಲಿಸುತ್ತಿದ್ದ. ಮಾಸ್ತಿ ಒಂದು ಮೋಟು ಕೋಲಿನಿಂದ ನನ್ನನ್ನು ದೂರಕ್ಕೆ ಎಸೆದು ಬಿರಬಿರನೆ ಎಳೆಯುತ್ತಿದ್ದ. ನಾನು ಉಗುಳುತ್ತ, ಹೊರಳುತ್ತ, ಗಾಯಗೊಂಡ ಮೀನಿನ ವೇಷದಲ್ಲಿ ಓಡಿಬರುತ್ತಿದ್ದೆ. ದಿಮ್ಮಿಯಡಿಯ ನೆರಳು ಒಡೆದು ಬಂಗಾರದ ಗೆರೆಯೊಂದು ನನ್ನ ಬೆನ್ನು ಹತ್ತುತ್ತಿತ್ತು. ಬೆನ್ನಿನ ರೆಕ್ಕೆ ನೀಲಿಯಾಗಿ ಉರಿಯುತ್ತಿತ್ತು. ಬಾಯಿ ತೆರೆದೇ ಬರುತ್ತಿತ್ತು. ಇನ್ನೇನು ಒಂದು ಮೊಳ ಇದೆ ಎನ್ನುವಾಗ ನಾಣಯ್ಯ ಕೂಗುತ್ತಿದ್ದರು:

"ತೆಗಿ!"

ಮಾಸ್ತಿ ಜಗ್ಗುತ್ತಿದ್ದ. ನಾನು ನೀರಿನಿಂದ ಹಾರಿ ದೋಣಿಯೊಳಗೆ ದಡಾರನೆ ಬೀಳುತ್ತಿದ್ದೆ. ಕಂಗಾಲಾದ ಮೀನು ಎಲ್ಲಿ ಹೋಯಿತು ಎಲ್ಲಿ ಹೋಯಿತು ಎಂದು ಸುತ್ತುವಾಗ, ಅದರ ಮೂಗಿನ ಮುಂದೆ ಗರಿಯಮ್ಮ ಮೆಲ್ಲಗೆ ಇಳಿಯುತ್ತಿದ್ದಳು. ಅಷ್ಟು ದೂರದಿಂದ ಓಡಿಸಿ, ಸಿಟ್ಟು ಬರಿಸಿ, ಬಾಯಿ ತೆರೆಸಿ ತಂದವನು ನಾನು. ಮೀನು ಅವಳದು.

ನನ್ನ ಹೊಟ್ಟೆ ಹೇಗೆ ಉರಿಯಬೇಡ? ಸಂಜೆ ಬಂದರೆ ಅವಳಿಗೆ ಸಿಹಿನೀರಿನ ಸ್ನಾನ. ನಾಣಯ್ಯ ಕರವಸ್ತ್ರದಲ್ಲಿ ಒತ್ತಿ ನೀರು ತೆಗೆದು, ಬಾಯಿಂದ ಊದಿ ಗರಿ ಬಿಡಿಸಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ನಾನು ಬಕೆಟ್ಟಿನಲ್ಲಿ, ಒದ್ದೆ ಹಗ್ಗದ ಜೊತೆ. ಒಮ್ಮೆ ಅವಳ ಒಂದು ಗರಿ ಕಿತ್ತುಹೋಗಿದ್ದಕ್ಕೆ ನಾಣಯ್ಯ ಅರ್ಧ ಗಂಟೆ ಪೇಚಾಡಿದರು. ಅದೇ ದಿನ ನನ್ನ ಬಾಯಂಚು ದೋಣಿಗೆ ಬಡಿದು ಸೀಳಿತ್ತು. ಯಾರೂ ನೋಡಲಿಲ್ಲ.

ಸುಳ್ಳು ಹೇಳಬಾರದು, ಮಾಸ್ತಿ ನೋಡಿದ. ಬೆರಳಿನಿಂದ ಸೀಳನ್ನು ಸವರಿ, ದೋಣಿಯ ತೂತು ಮುಚ್ಚುವ ಅಂಟನ್ನು ಚೂರು ಹಚ್ಚಿದ. ಅವನು ಮಾತು ಕಡಿಮೆಯ ಮನುಷ್ಯ. ನಲವತ್ತು ದಾಟಿತ್ತು. ನೀರಿನ ಮೇಲೆ ಎಷ್ಟು ಚುರುಕೋ ಜನರ ನಡುವೆ ಅಷ್ಟೇ ಮಂಕು. ಅವನೂ ನನ್ನ ಜಾತಿಯೇ ಎಂದು ನನಗೆ ಗೊತ್ತಾದದ್ದು ಆಗ.

ಯಾಕೆಂದರೆ ದೋಣಿಯಲ್ಲಿ ಒಂದು ಪದ್ಧತಿ ಇತ್ತು. ಬಂದವರು ಮೀನು ಹಿಡಿಯುವಾಗ ದೋಣಿಯವರು ಗಾಳ ಬಿಡುವಂತಿಲ್ಲ. ಅಣ್ಣಪ್ಪ ಅದನ್ನು ದೇವರ ಹರಕೆಯಂತೆ ಪಾಲಿಸುತ್ತಿದ್ದ. "ತೋರ್ಸುದ್ ನಾವು, ಹಿಡಿಯೂದ್ ಅವ್ರು" ಎನ್ನುತ್ತಿದ್ದ. ಮಾಸ್ತಿ ದಿನಕ್ಕೆ ಇನ್ನೂರು ಸಲ ನನ್ನನ್ನು ಎಸೆಯುತ್ತಿದ್ದ, ಇನ್ನೂರು ಸಲ ಎಳೆಯುತ್ತಿದ್ದ. ಮೀನು ದೋಣಿಗೆ ಬಂದ ಮೇಲೆ ಕೈ ಒರೆಸಿಕೊಂಡು ಕ್ಯಾಮೆರಾ ಹಿಡಿಯುತ್ತಿದ್ದ. ಫೋಟೊದಲ್ಲಿ ನಡುವೆ ಮೀನು, ಒಂದು ಕಡೆ ನಾಣಯ್ಯ, ಇನ್ನೊಂದು ಕಡೆ ಬಾಲ ಹಿಡಿದು ಹಲ್ಲು ಕಿರಿದ ಅಣ್ಣಪ್ಪ. ಆಮೇಲೆ ನಾಣಯ್ಯ ಮೀನನ್ನು ನೀರಿಗೆ ಬಿಡುತ್ತಿದ್ದರು. ಮೊದಲ ಸಲ ಅಣ್ಣಪ್ಪ ಬಾಯಿಬಿಟ್ಟು ಕೇಳಿದ್ದ: "ಹಿಡ್ದ್ ಬಿಡೂಕೆ ಇಷ್ಟ್ ದೂರ ಬರ್ಕಾ ಸರ್?"

ಅಂಥ ಒಂದು ಫೋಟೊವನ್ನು ಅಣ್ಣಪ್ಪ ಕಟ್ಟು ಹಾಕಿಸಿ ಜಗಲಿಯಲ್ಲಿ ತೂಗುಹಾಕಿದ. ಮಾಸ್ತಿಯ ಹೆಂಡತಿ ಮಾದೇವಿ ಮೀನಿನ ಬುಟ್ಟಿ ಇಳಿಸಿ ಅದನ್ನೇ ನೋಡಿದಳು.

"ಇದ್ರಲ್ಲಿ ನೀವೆಲ್ಲಿ?"

"ಫೋಟೊ ತೆಗ್ದದ್ದೇ ನಾನಲ್ದಾ."

"ತೆಗ್ದೋರ್ ಯಾರಂತ ಯಾರಿಗ್ ಗೊತ್ತಾತ್ತ್?" ಎಂದು ಅವಳು ಒಳಗೆ ಹೋದಳು.

ಮಾಸ್ತಿಗೆ ಬೇಕಾದದ್ದು ಫೋಟೊ ಅಲ್ಲ, ಕೋಲು. ಮೊದಲ ವರ್ಷ ನಾಣಯ್ಯ ಬೀಸುವಾಗ ನೂಲು ಗಾಳಿಯಲ್ಲಿ ಸುರುಳಿ ಬಿಚ್ಚಿಕೊಂಡು ಹೋದದ್ದನ್ನು ಕಂಡ ದಿನವೇ ಅವನ ತಲೆ ಕೆಟ್ಟಿತು. ನಾಣಯ್ಯ ಬಿಸಾಡಿದ ಹಳೆಯ ನೂಲನ್ನು ಬಿದಿರಿನ ಗಳುವಿಗೆ ಕಟ್ಟಿಕೊಂಡು, ಬೆಳಿಗ್ಗೆ ಬಲೆ ಒಣಹಾಕುವವರು ಬರುವ ಮೊದಲು ದಂಡೆಯಲ್ಲಿ ಬೀಸುತ್ತಿದ್ದ. ಮೂರು ವರ್ಷಕ್ಕೆ ಮರಳಿನ ಮೇಲೆ ಇಟ್ಟ ತೆಂಗಿನ ಗೆರಟೆಯೊಳಗೆ ನೂಲಿನ ತುದಿ ಇಳಿಸುವಷ್ಟು ಕಲಿತ. ಒಂದು ದಿನ ನಾಣಯ್ಯ ಹಲ್ಲುಜ್ಜುತ್ತ ದಂಡೆಗೆ ಬಂದವರು ನೋಡಿ ನಿಂತರು.

"ಎಲಾ ಇವನ! ಈ ಸಲ ನಿನ್ನ ಕೈಯಿಂದಲೇ ಒಂದು ಹಿಡಿಸ್ತೀನಿ ನೋಡು."

ಮಾಸ್ತಿಯ ಕಿವಿ ಕೆಂಪಾಯಿತು. ಆ ವರ್ಷದ ಹತ್ತು ದಿನವೂ ಅವನು ಕಾದ. ಹತ್ತನೆಯ ಸಂಜೆ ದೋಣಿ ಇಳಿಯುವಾಗ ನಾಣಯ್ಯ, "ಅಯ್ಯೋ, ನಿನ್ನದೊಂದು ಬಾಕಿಯಾಯ್ತಲ್ಲ. ಮುಂದಿನ ವರ್ಷ" ಎಂದರು. ಮುಂದಿನ ವರ್ಷವೂ ಅದನ್ನೇ ಅಂದರು. ಕೆಟ್ಟ ಮನುಷ್ಯರಲ್ಲ ಅವರು. ಮೀನು ಕಂಡರೆ ಲೋಕ ಮರೆತುಹೋಗುತ್ತಿತ್ತು, ಅಷ್ಟೇ. ಆದರೆ ಮರೆಯುವವರಿಗೆ ಎಷ್ಟು ಸುಲಭವೋ ಮರೆಸಿಕೊಂಡವರಿಗೆ ಅಷ್ಟು ಸುಲಭವಲ್ಲ. ಜಗ್ಗುವಾಗ ಮಾಸ್ತಿಯ ಕೈ ಬಿರುಸಾಗತೊಡಗಿತು. ನಾನು ದೋಣಿಯೊಳಗೆ ಬೀಳುವ ಸದ್ದಿನಲ್ಲೇ ಅವನ ಸಿಟ್ಟು ನನಗೆ ತಿಳಿಯುತ್ತಿತ್ತು. ಇಬ್ಬರೂ ಸೇರಿ ಉರಿಯುತ್ತಿದ್ದೆವು, ಅವನು ಆ ಕೋಲಿಗಾಗಿ, ನಾನು ಒಂದೇ ಒಂದು ಮೀನಿಗಾಗಿ.

ಆರನೆಯ ವರ್ಷ ನಾಣಯ್ಯ ಬಂದಾಗ ಬಲಭುಜ ನೋವಿಲ್ಲದೆ ಎತ್ತಲಾಗುತ್ತಿರಲಿಲ್ಲ. ಇದೇ ಕೊನೆಯ ಸಲ ಎಂದು ಮೊದಲೇ ಹೇಳಿಬಿಟ್ಟರು. ಒಂಬತ್ತನೆಯ ದಿನ ದೋಣಿ ಕಟ್ಟಿ, ಮಾಸ್ತಿ ಬಕೆಟ್ಟಿನಲ್ಲಿ ನನ್ನನ್ನು ತೊಳೆಯುತ್ತಿದ್ದಾಗ, ಅವರು ಮಗಳ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದರು.

"ಇಲ್ಲಮ್ಮ, ಕೋಲು ವಾಪಸ್ ತರಲ್ಲ. ಅಣ್ಣಪ್ಪ ಬಾಯಿಬಿಟ್ಟು ಕೇಳಿದ. ಕೊಡ್ತೀನಿ ಅಂದಿದ್ದೀನಿ."

ಮಾಸ್ತಿಯ ಕೈ ನಿಂತಿತು. ನನ್ನ ಮೈಮೇಲೆ ಅವನ ಬೆರಳು ಎಷ್ಟು ಬಿಗಿಯಿತೆಂದರೆ ಹಳೆಯ ಸೀಳು ಕಿರ್ರೆಂದಿತು. ಅಣ್ಣಪ್ಪನಿಗೆ! ಆ ಕೋಲಿನ ತುದಿ ಯಾವುದು ಬುಡ ಯಾವುದು ಎಂದು ತಿಳಿಯದವನಿಗೆ. ಒಮ್ಮೆ ತಮಾಷೆಗೆ ಬೀಸಲು ಹೋಗಿ ಗರಿಯಮ್ಮನನ್ನು ತನ್ನದೇ ಮುಂಡಾಸಿಗೆ ಚುಚ್ಚಿಕೊಂಡವನಿಗೆ. ದೋಣಿ ಅವನ ಹೆಸರಿನಲ್ಲಿತ್ತು, ಫೋಟೊ ಅವನದಿತ್ತು, ಈಗ ಕೋಲೂ ಅವನದೇ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅವನು ದೋಣಿಗೆ ಬಂದ. ಹಲಗೆ ಎತ್ತಿ ಮಾತ್ರೆಯ ಡಬ್ಬಿ ತೆಗೆದ. ತುಕ್ಕು ಹಿಡಿದಿದ್ದ ಮುಳ್ಳನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿದ. ಮೊದಲು ಬಾಲಕ್ಕೆ, ಆಮೇಲೆ ಹೊಟ್ಟೆಗೆ ಹಾಕಿ ಇಕ್ಕಳದಿಂದ ಬಿಗಿದ. ಅವನು ಮಾಡುತ್ತಿರುವುದು ತಪ್ಪು ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಆರು ವರ್ಷದ ಮೇಲೆ ನಾನು ಮತ್ತೆ ನಾನಾಗಿದ್ದೆ.

ಅಂದು ನೇತ್ರಾಣಿ ದ್ವೀಪದ ಗುಡ್ಡ ದೂರದಲ್ಲಿ ಮಸುಕಾಗಿ ಕಾಣುವಷ್ಟು ಹೊರಗೆ ಹೋಗಿದ್ದೆವು. ಗಾಳಿ ಇಲ್ಲ. ನೀರು ಎಣ್ಣೆಯಂತೆ ನುಣುಪಾಗಿತ್ತು. ಒಂದು ದೊಡ್ಡ ತೆಂಗಿನ ಬೊಡ್ಡೆ, ಮೈತುಂಬ ಚಿಪ್ಪು ಕಟ್ಟಿಕೊಂಡು, ಸುಮ್ಮನೆ ತೇಲುತ್ತಿತ್ತು. ಮಾಸ್ತಿ ನನ್ನನ್ನು ಅಂಗೈಯೊಳಗೆ ಮುಚ್ಚಿಕೊಂಡೇ ಬಂದು ಎಸೆದ. ಗಾಳ ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ಎಳೆತ ಎಳೆದಿರಬೇಕು. ಬೊಡ್ಡೆಯಡಿಯಿಂದ ಜೋಡಿಯೊಂದು ಹೊರಟಿತು. ಮುಂದೆ ಗಂಡು. ಆರು ವರ್ಷದಲ್ಲಿ ಅಷ್ಟು ದೊಡ್ಡದನ್ನು ನಾನು ಕಂಡಿರಲಿಲ್ಲ. ನೀರನ್ನು ಹಣೆಯಿಂದ ಸೀಳಿಕೊಂಡು ಬಂತು. ಅದರ ಬಂಗಾರಕ್ಕೆ ನೀರೇ ಹಳದಿಯಾಗಿತ್ತು. ದೋಣಿಯಲ್ಲಿ ನಾಣಯ್ಯನ ಕೋಲು ಎದ್ದಿತು, ನೂಲು ಬೀಸತೊಡಗಿತು.

"ತೆಗಿ! ಮಾಸ್ತಿ, ತೆಗಿ!"

ಮಾಸ್ತಿ ತೆಗೆಯಲಿಲ್ಲ.

ಬಾಯಿ ಮುಚ್ಚಿತು. ಆಮೇಲೆ ಏನಾಯಿತು ಎಂದು ಕೇಳಿದರೆ ನಾನು ಹೇಳಲಾರೆ, ಯಾಕೆಂದರೆ ಕತ್ತಲು. ನಾನು ಆಸೆಪಟ್ಟು ಆಸೆಪಟ್ಟು ಸೊರಗಿದ ಆ ಗಳಿಗೆಯಲ್ಲಿ ನನಗೆ ಏನೂ ಕಾಣಲಿಲ್ಲ. ಅಂಗುಳ, ರಕ್ತ, ಕಿವಿರಿನ ಬಡಿತ. ಮೀನು ಹಾರಿದ್ದು ಗೊತ್ತಾಯಿತು, ಯಾಕೆಂದರೆ ನೀರಿನ ಸದ್ದು ನಿಂತಿತು. ಅದು ಹೇಗೆ ಹಾರಿತು, ಬಿಸಿಲಿನಲ್ಲಿ ಹೇಗೆ ಹೊಳೆಯಿತು, ದೋಣಿಯವರೆಲ್ಲ ಕಂಡರು. ಹಿಡಿದ ನನಗೆ ಮಾತ್ರ ಕಾಣಲಿಲ್ಲ. ಗರಿಯಮ್ಮ ಇಷ್ಟು ವರ್ಷ ಕಂಡದ್ದು ಬರೀ ಇದೇ ಕತ್ತಲೆಯೇ ಎಂದು ಆಗ ಹೊಳೆಯಿತು. ಹಾಗೆಂದು ನನ್ನ ಹೊಟ್ಟೆಕಿಚ್ಚು ಅಲ್ಲಿಗೇ ಆರಿತು ಎಂದುಕೊಳ್ಳಬೇಡಿ.

ಮುಂದಿನದು ನನಗೆ ಕಿವಿಯಿಂದ ತಿಳಿದದ್ದು. "ಹೋಯ್, ಎಂತ ಮಾಡ್ದೆ ನೀನು? ಅದಕ್ಕೆ ಗಾಳ ಎಲ್ಲಿಂದ ಬಂತು?" ಎಂದು ಅಣ್ಣಪ್ಪ ಕಿರುಚಿದ. ಮಾಸ್ತಿಯ ಉಸಿರು ನೂಲಿನುದ್ದಕ್ಕೂ ಇಳಿದು ಬರುತ್ತಿತ್ತು. ಮೀನನ್ನು ಸುಸ್ತು ಮಾಡಿ ದೋಣಿಯ ಪಕ್ಕಕ್ಕೆ ತಂದ.

"ಎತ್ತಬೇಡ, ನೀರಲ್ಲೇ ಇರಲಿ!" ಇದು ನಾಣಯ್ಯ. "ಹೆಣ್ಣು ಇಲ್ಲೇ ಇದೆ."

ಡೊರಾಡೊ ಹಿಡಿಯುವವರಿಗೆಲ್ಲ ಗೊತ್ತಿರುವ ಸಂಗತಿ ಅದು. ಸಿಕ್ಕಿದ ಮೀನನ್ನು ನೀರಿನಲ್ಲೇ ಬಿಟ್ಟಿದ್ದರೆ ಜೊತೆಯದು ಅದನ್ನು ಬಿಟ್ಟು ಹೋಗುವುದಿಲ್ಲ. ಹೆಣ್ಣು ನಮ್ಮ ಸುತ್ತಲೇ ಸುತ್ತುತ್ತಿತ್ತು. ನೂಲು ಬೀಸಿದ ಸದ್ದು ಕೇಳಿಸಿತು. ಗರಿಯಮ್ಮ ಇಳಿದಳು. ಹೆಣ್ಣು ಕಚ್ಚಿತು.

ಈಗ ಒಂದು ಮಾತು ಹೇಳಬೇಕು. ಹೊಳೆಯಲ್ಲಿ ಫ್ಲೈ ಬೀಸಿ ಕಲಿತವರಿಗೆ ಮೀನು ಕಚ್ಚಿದೊಡನೆ ಕೋಲು ಮೇಲೆತ್ತುವ ಚಟ. ಸಮುದ್ರದಲ್ಲಿ ಅದು ಕೂಡದು. ಕೋಲು ನೀರಿನ ಕಡೆಗೇ ಬಾಗಿರಬೇಕು, ಎಡಗೈಯಿಂದ ನೂಲು ಜಗ್ಗಬೇಕು. ಅದರಲ್ಲೂ ಮೀನು ದೋಣಿಯ ಕೆಳಗೇ ನುಗ್ಗಿದಾಗ ಕೋಲು ನೆಟ್ಟಗೆ ನಿಲ್ಲಿಸಿದರೆ ಕಥೆ ಮುಗಿಯಿತು. ಬಂದ ಗೆಳೆಯರಿಗೆಲ್ಲ ನಾಣಯ್ಯ ಆರು ವರ್ಷ ಹೇಳಿದ ಪಾಠ ಅದೊಂದೇ: ಎತ್ತಬೇಡಿ, ಎತ್ತಬೇಡಿ. ಹೆಣ್ಣು ದೋಣಿಯಡಿಗೆ ನುಗ್ಗಿತು. ನಾಣಯ್ಯ ಕೋಲನ್ನು ಆಕಾಶಕ್ಕೆ ಎತ್ತಿದರು.

ಫಟ್ ಎಂದಿತು.

ಒಣ ಕಟ್ಟಿಗೆ ಮುರಿದ ಹಾಗೆ, ಒಂದೇ ಸದ್ದು. ಮುರಿದ ಅಂಚಿಗೆ ಉಜ್ಜಿ ನೂಲೂ ತುಂಡಾಯಿತು. ಹೆಣ್ಣು ಮೀನು ಹೋಯಿತು, ದವಡೆಯಲ್ಲಿ ಗರಿಯಮ್ಮನನ್ನು ಕಟ್ಟಿಕೊಂಡು. ನನ್ನ ಬುದ್ಧಿ ನೋಡಿ: ಆಗಲೂ ನನಗೆ ಅನಿಸಿದ್ದು, ಇವಳಿಗೆ ಇಡೀ ಸಮುದ್ರವೇ ಸಿಕ್ಕಿತಲ್ಲ ಎಂದು.

ನನ್ನನ್ನು ಗಂಡು ಮೀನಿನ ಬಾಯಿಂದ ಬಿಡಿಸುವಾಗ ಅದು ಸತ್ತಿತ್ತು. ಗಾಳ ಕಿವಿರಿಗೆ ಇಳಿದಿತ್ತು. ಹಲಗೆಯ ಮೇಲೆ ಬಿದ್ದ ಆ ಬಂಗಾರ ನಾವು ನೋಡುನೋಡುತ್ತಿದ್ದಂತೆ ಹಸಿರಾಗಿ, ಬಿಳಿಚಿ, ಕೊನೆಗೆ ಬೂದಿಯ ಬಣ್ಣಕ್ಕೆ ತಿರುಗಿತು. ನಾಣಯ್ಯ ಮುರಿದ ಎರಡು ತುಂಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಕಡೆ ಕೈ ತೋರಿಸಿ ಕೇಳಿದರು:

"ಇದಕ್ಕೆ ಗಾಳ ಹಾಕಿದ್ದು ಯಾರು?"

"ನಾನು ಸರ್" ಎಂದ ಅಣ್ಣಪ್ಪ, ಕಣ್ಣು ಮಿಟುಕಿಸದೆ. "ಕಡೇ ದಿನ ಅಲ್ದಾ, ಮನೆಗೊಂದ್ ಮೀನ್ ಆಯ್ಲಿ ಅಂತೇಳಿ. ತಪ್ಪಾಯ್ತ್. ಮಾಸ್ತಿಗೆ ಗೊತ್ತಿಲ್ಲೆ."

ಅವನು ಸುಳ್ಳು ಹೇಳಿದ್ದು ನನಗೆ ತಿಳಿಯಿತು, ಮಾಸ್ತಿಗೂ ತಿಳಿಯಿತು. ತಮ್ಮನ ಮಾನ ಹೊರಗಿನವರ ಎದುರು ಹೋಗಬಾರದು ಎಂದು ಅವನು ತನ್ನ ತಲೆ ಕೊಟ್ಟಿದ್ದ. ಮಾಸ್ತಿಯ ಮುಖ ಆ ಸತ್ತ ಮೀನಿಗಿಂತ ಬಿಳಿಚಿತ್ತು.

"ಅಣ್ಣ ಅಲ್ಲ ಸರ್. ನಾನು. ಬೇಕಂತಲೇ ಹಾಕ್ದೆ." ಮಾಸ್ತಿ ನನ್ನನ್ನು ಎತ್ತಿ ಬಕೆಟ್ಟಿಗೆ ಹಾಕಿದ. "ಆರ್ ವರ್ಷ ಇದ್ನ ಎಳ್ದದ್ದ್ ನಾನು. ಬೀಸೂಕೆ ಕಲ್ತದ್ದ್ ನಾನು. ಕೋಲ್ ಮಾತ್ರ ಅಣ್ಣಂಗ್ ಕೊಡ್ತೀನಿ ಅಂದ್ರಿ. ನಂಗೆ ತಡ್ಕಂಬುಕ್ ಆಯ್ಲಿಲ್ಲೆ."

ನಾಣಯ್ಯ ತಲೆಯೆತ್ತಿದರು. ಮಾಸ್ತಿಯನ್ನು ನೋಡಿದರು, ಅಣ್ಣಪ್ಪನನ್ನು ನೋಡಿದರು.

"ಅಣ್ಣಪ್ಪನಿಗಾ? ಅವನಿಗೆ ಯಾಕೆ? ಅವನು ಕೇಳಿದ್ದು ನಿನಗೆ ಅಂತ ಕಣೋ."

ಅಣ್ಣಪ್ಪ ಇಂಜಿನ್ನಿನ ಕಡೆ ತಿರುಗಿ, ಏನೂ ಕೆಟ್ಟಿಲ್ಲದ ಅದರ ಹಗ್ಗವನ್ನು ಸರಿಮಾಡುವವನ ಹಾಗೆ ಬಗ್ಗಿ ಹೇಳಿದ: "ನಂಗೆ ಅದೆಂತಕೆ ಮರಾಯಾ. ನೀ ದಂಡೆ ಮೇಲೆ ಬಿದ್ರಿನ ಗಳು ಬೀಸುದ್ ಕಂಡ್ ಕಂಡ್ ಸಾಕಾಯಿತ್ತ್. ನೀ ಬಾಯ್ಬಿಟ್ ಕೇಂತಿಲ್ಲೆ. ಅದ್ಕೆ ನಾ ಕೇಂಡೆ."

ಮಾಸ್ತಿ ಹಲಗೆಯ ಮೇಲೆ ಕುಸಿದು ಕೂತ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅಳುತ್ತಿದ್ದ.

ನಾಣಯ್ಯ ಮುರಿದ ತುಂಡುಗಳನ್ನು ಅವನ ಮುಂದೆ ಇಟ್ಟರು. "ಗಾಳ ಹಾಕಿದ್ದು ನೀನು ಸರಿ. ಇದನ್ನು ಮುರಿದದ್ದು ನಾನು. ನಿನ್ನ ಕೈಯಲ್ಲಿ ಅಂಥ ಮೀನು ನೋಡಿ ನನ್ನ ಹೊಟ್ಟೆ ಉರಿದುಹೋಯ್ತು. ಅದಕ್ಕೆ ಸಮನಾದದ್ದು ಹಿಡೀಲೇಬೇಕು ಅನ್ನೋ ಅವಸರಕ್ಕೆ ಎತ್ತಿಬಿಟ್ಟೆ. ನಾನೇ ಎತ್ತಿಬಿಟ್ಟೆ!" ಎಂದು ತಮಗೆ ತಾವೇ ಬೈದುಕೊಂಡರು.

ಬಕೆಟ್ಟಿನಲ್ಲಿ ಬಿದ್ದಿದ್ದ ನಾನು ಮಾತ್ರ ಲೆಕ್ಕಕ್ಕಿಲ್ಲ. ಹೊಟ್ಟೆಕಿಚ್ಚಿನಲ್ಲಿ ನನಗೆ ಸಮಾನ ಯಾರೂ ಇಲ್ಲ ಎಂದುಕೊಂಡಿದ್ದೆ. ಆ ದೋಣಿಯಲ್ಲಿ ಅದೂ ನನ್ನೊಬ್ಬನ ಸ್ವತ್ತಾಗಿರಲಿಲ್ಲ.

ಆ ಸಂಜೆ ಮಾಸ್ತಿ ನನ್ನ ಗಾಳ ಎರಡನ್ನೂ ಕಿತ್ತು ಅಳಿವೆಯ ನೀರಿಗೆ ಎಸೆದ. ಬೇಡವೆನ್ನಲು ನನಗೆ ನಾಲಿಗೆ ಇರಲಿಲ್ಲ. ನಾಣಯ್ಯ ಮತ್ತೆ ಬರಲಿಲ್ಲ. ಭುಜದ ಆಪರೇಷನ್ ಆಯಿತೆಂದು ಫೋನ್ ಬಂತು. ಆಮೇಲೆ ಅಂಚೆಯಲ್ಲಿ ಒಂದು ಪೆಟ್ಟಿಗೆ ಬಂತು, ಅದರ ತುಂಬ ಅವರು ಎಡಗೈಯಲ್ಲಿ ಕಟ್ಟಿದ ಗರಿಯಮ್ಮನ ತಂಗಿಯರು. ಒಬ್ಬಳು ಹೋದರೆ ಹನ್ನೆರಡು ಮಂದಿ!

ಮುರಿದ ಕೋಲನ್ನು ಅಣ್ಣಪ್ಪನೇ ದುರ್ಗಯ್ಯ ಆಚಾರಿಯ ಹತ್ತಿರ ಒಯ್ದ. ದೋಣಿಗೆ ಹಚ್ಚುವ ಫೈಬರ್ ಬಟ್ಟೆ ಸುತ್ತಿ, ಅಂಟು ಎರೆದು, ಆಚಾರಿ ಅದನ್ನು ಕೂಡಿಸಿದ. ನಡುವೆ ಗಂಟು ಉಳಿಯಿತು, ಕೋಲು ಗೇಣು ಮೋಟಾಯಿತು, ಬಳುಕು ಕಡಿಮೆಯಾಯಿತು. ಮಾಸ್ತಿ ಅದನ್ನು ಒಂದು ವರ್ಷ ಮುಟ್ಟಲಿಲ್ಲ. ಬೇರೆ ಊರಿನಿಂದ ಬೇರೆ ಗಾಳದವರು ಬಂದರು, ಅವನು ನನ್ನನ್ನು ಎಸೆದ, ಎಳೆದ, ತೆಗಿ ಎಂದಾಗ ತೆಗೆದ. ಸಿಟ್ಟಿರಲಿಲ್ಲ ಅವನ ಕೈಯಲ್ಲಿ. ಏನೂ ಇರಲಿಲ್ಲ. ಸಿಟ್ಟೇ ವಾಸಿ ಇತ್ತು ಎಂದು ನನಗೆ ಅನಿಸುತ್ತಿತ್ತು.

ಮುಂದಿನ ನವೆಂಬರಿನಲ್ಲಿ, ಯಾರೂ ಬಾರದ ಒಂದು ದಿನ, ಅಣ್ಣಪ್ಪ ಕೋಲನ್ನು ತಾನೇ ದೋಣಿಗೆ ಹಾಕಿದ.

"ಹತ್ತು. ಇವತ್ ನಾವಿಬ್ರೇ."

"ಎಳೂರ್ ಯಾರು?"

"ನಾನ್ ಎಳೀತೆ. ಅದೆಂತ ದೊಡ್ ವಿದ್ಯೆಯಾ?"

ದೊಡ್ಡ ವಿದ್ಯೆಯೇ. ಅಣ್ಣಪ್ಪನ ಮೊದಲ ಎಸೆತಕ್ಕೆ ನಾನು ಹಿಂದಕ್ಕೆ ಹಾರಿ ಇಂಜಿನ್ನಿಗೆ ಬಡಿದೆ. ಎರಡನೆಯದಕ್ಕೆ ನೂಲು ಗೋಜಲಾಯಿತು. ಐವತ್ತು ದಾಟಿದ, ಬೆನ್ನು ನೋವಿನ ಮನುಷ್ಯ ಬೆವರು ಸುರಿಸುತ್ತ ಎಸೆದ, ಎಳೆದ, ತಪ್ಪಿದ, ಬೈಸಿಕೊಂಡ. ಹೌದು, ಬೈಸಿಕೊಂಡ. "ಮೆಲ್ಲ ಅಣ್ಣ! ನೀರ್ ಉಗುಳ್ಕ್ ಅದು, ಮುಳ್ಗೂಕಾಗ!" ಎಂದು ಮಾಸ್ತಿ ರೇಗಿದ. ವರ್ಷದ ಮೇಲೆ ಅವನ ಗಂಟಲಿನಲ್ಲಿ ಜೀವ ಬಂದಿತ್ತು.

ಮಧ್ಯಾಹ್ನದ ಹೊತ್ತಿಗೆ ಒಂದು ಕಸದ ಸಾಲಿನ ಬದಿಯಲ್ಲಿ ಮೀನು ಎದ್ದಿತು. ದೊಡ್ಡದಲ್ಲ. ಆದರೆ ಬಂಗಾರ ಬಂಗಾರವೇ. ನಾನು ಸೀಳುಬಾಯಿಯಲ್ಲಿ ಉಗುಳುತ್ತ ಓಡಿದೆ. ಅದು ಬಾಯಿ ತೆರೆದು ಬೆನ್ನು ಹತ್ತಿತು. ಹಿಂದೆಂದೂ ಅಷ್ಟು ಚೆನ್ನಾಗಿ ಓಡಿರಲಿಲ್ಲ ನಾನು.

"ತೆಗಿ ಅಣ್ಣ!"

ಅಣ್ಣಪ್ಪ ಇಡೀ ಮೈಯಿಂದ ಜಗ್ಗಿದ, ಮಗುಚಿ ಬಿದ್ದ. ನಾನು ಗಾಳಿಗೆ ಎದ್ದೆ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಗಂಟುಬಿದ್ದ ಮೋಟು ಕೋಲು ಒಮ್ಮೆ ಹಿಂದೆ, ಒಮ್ಮೆ ಮುಂದೆ ಹೋಯಿತು. ನೂಲಿನ ಸುರುಳಿ ಬಿಚ್ಚಿತು. ತಂಗಿಯರಲ್ಲಿ ಒಬ್ಬಳು ಮೀನಿನ ಮೂಗಿನ ಮುಂದೆ ಇಳಿದಳು. ಮೀನು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿತು. ಮಾಸ್ತಿ ಕೋಲು ಎತ್ತಲಿಲ್ಲ. ತಗ್ಗಿಸಿಯೇ ಇಟ್ಟು, ಎಡಗೈಯಿಂದ ನೂಲು ಜಗ್ಗಿದ.

ಅವನಿಗಾಗಿ ನನಗೆ ಸಂತೋಷವಾಯಿತು. ಜೊತೆಗೆ ಹೊಟ್ಟೆಯೂ ಉರಿಯಿತು, ಮೊದಲ ದಿನದಷ್ಟೇ.

ಅವನು ಮೀನನ್ನು ಎರಡು ಕೈಯಲ್ಲಿ ಹಿಡಿದು ನೀರಿನಲ್ಲೇ ಕಣ್ತುಂಬ ನೋಡಿ ಬಿಟ್ಟುಬಿಟ್ಟ. ಬಿದ್ದಲ್ಲೇ ಕೂತಿದ್ದ ಅಣ್ಣಪ್ಪ ಸೊಂಟ ಹಿಡಿದುಕೊಂಡು ನಗುತ್ತಿದ್ದ.

ಈಗ ನನ್ನ ಬಾಯಿ ಪೂರ್ತಿ ಸೀಳಿದೆ. ಎಳೆದರೆ ಉಗುಳುವುದಿಲ್ಲ, ಸುಮ್ಮನೆ ಮುಳುಗುತ್ತೇನೆ. ಮಾದೇವಿಯ ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿದ್ದಾರೆ, ಕಾಗೆ ಹೆದರಲಿ ಎಂದು. ಕಾಗೆ ಹೆದರುವುದಿಲ್ಲ. ಮಾಸ್ತಿಯ ಕೋಲಿನ ಹೆಸರು ಈಗ ಮುರುಡೇಶ್ವರದವರೆಗೂ ಹೋಗಿದೆ. ಮುರಿದ ಕೋಲಿನಲ್ಲಿ, ಗರಿಯ ಗಾಳದಲ್ಲಿ, ಮೊದಲ ಬೀಸಿಗೇ ಡೊರಾಡೊ ಹಿಡಿದ ಎಂದು ಬಂದವರಿಗೆಲ್ಲ ಹೇಳುತ್ತಾರೆ. ಮಾಸ್ತಿ ಹಿಡಿದ, ಗರಿಯಮ್ಮ ಹಿಡಿದಳು. ಆ ಮೀನು ಬಂದದ್ದು ಮಾತ್ರ ನನ್ನ ಹಿಂದೆ. ಅದನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ನಾನೇ ಹೇಳಬೇಕಾಯಿತು.